ಮೊಸರಮ್ಮನ ಎರಡನೇ ಹೆಪ್ಪು

ಮೊಸರಮ್ಮನಿಗೆ ಈ ಜಗತ್ತಿನಲ್ಲಿ ಕಂಡರಾಗದವರು ಅಂತ ಯಾರೂ ಇರಲಿಲ್ಲ, ಬೀಗಿತ್ತಿಯೊಬ್ಬಳನ್ನು ಬಿಟ್ಟು.

ಆ ಬೀಗಿತ್ತಿ, ಅಂದರೆ ಮಗಳ ಅತ್ತೆ, ಮಾಡಿದ ತಪ್ಪಾದರೂ ಏನು? ಒಂದು ದಿನವೂ ಕೆಟ್ಟ ಮಾತಾಡಿದವಳಲ್ಲ. ಮದುವೆಯ ಮಾತುಕತೆಯಲ್ಲಿ ಕೊಸರಾಡಿದವಳಲ್ಲ. ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು. ತಪ್ಪು ಅಂದರೆ ಅದೇ. ಕೆಟ್ಟವಳು ಸಿಕ್ಕಿದ್ದರೆ ಬೀದಿಗೆಲ್ಲ ಹೇಳಿಕೊಂಡು, ಅತ್ತು, ಹಗುರಾಗಬಹುದಿತ್ತು. ಒಳ್ಳೆಯವಳನ್ನು ಏನಂತ ಬೈಯುವುದು? ಬೈಯಲು ಏನೂ ಸಿಗದೆ ಎಲ್ಲವೂ ಮೊಸರಮ್ಮನ ಹೊಟ್ಟೆಯೊಳಗೇ ಉಳಿದು ಹುಳಿಯಾಗುತ್ತಿತ್ತು.

ಮೊಸರಮ್ಮನ ಅಂಗಡಿ ಎಂದರೆ ರಸ್ತೆಗೆ ಬಾಗಿಲಿರುವ ಒಂದು ಕೋಣೆ. ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಮಲಗುವ ಕೋಣೆ. ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಮರದ ಹಲಗೆಗಳು, ಹಲಗೆಗಳ ಮೇಲೆ ಸಾಲಾಗಿ ಮಣ್ಣಿನ ಕುಡಿಕೆಗಳು. ಸಂಜೆ ಹಾಲಿಗೆ ಹೆಪ್ಪು ಹಾಕಿ ಹಳೆಯ ಕಂಬಳಿ ಹೊದಿಸಿದರೆ ಬೆಳಿಗ್ಗೆ ಕುಡಿಕೆಯನ್ನು ತಲೆಕೆಳಗು ಮಾಡಿದರೂ ಮೊಸರು ಜಾರುತ್ತಿರಲಿಲ್ಲ. ಹೊಸ ಗಿರಾಕಿ ಯಾರಾದರೂ ಬಂದರೆ ಹಾಗೆ ಮಾಡಿಯೇ ತೋರಿಸುತ್ತಿದ್ದಳು. ಹೊಸಬರು ಹೌಹಾರಿ ಹಿಂದೆ ಸರಿಯುವುದನ್ನು ನೋಡುವುದೇ ಅವಳಿಗೊಂದು ಮೋಜು.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಎಲ್ಲಕ್ಕಿಂತ ಚಿಕ್ಕದೊಂದು ಕುಡಿಕೆಯಿತ್ತು. ಅದರಲ್ಲಿರುವುದು ಹೆಪ್ಪಿಗೆಂದು ತೆಗೆದಿಡುವ ಮೊಸರು. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಅವಳ ಅತ್ತೆ ಆ ಕುಡಿಕೆಯನ್ನು ಕೈಗಿತ್ತು, "ಇದೊಂದು ಕೆಡದ ಹಾಗೆ ನೋಡ್ಕೋ, ಮಿಕ್ಕಿದ್ದೆಲ್ಲ ತಾನಾಗೇ ನಡೆಯುತ್ತೆ" ಅಂದಿದ್ದಳು. ಗಂಡ ಹೋದ, ಅತ್ತೆ ಹೋದಳು, ಹೆಪ್ಪು ಮಾತ್ರ ಒಂದು ದಿನವೂ ಕೆಡಲಿಲ್ಲ. ಇವತ್ತಿನ ಮೊಸರಿನಿಂದ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದರಿಂದ ನಾಡಿದ್ದಿಗೆ. ಹಾಲು ಕಾದು, ಆರಿ, ಕಿರುಬೆರಳು ಅದ್ದಿದರೆ ಹಿತವೆನಿಸುವ ಹದಕ್ಕೆ ಬಂತೆಂದರೆ ಎಡಗೈ ಮೇಲಿನ ಹಲಗೆಗೆ ಹೋಗುತ್ತಿತ್ತು, ಬಲಗೈ ಚಮಚ ಹಿಡಿಯುತ್ತಿತ್ತು. ಅವಳ ಕಣ್ಣು ರಸ್ತೆಯ ಕಡೆಗೆ, ಬಾಯಿ ಗಿರಾಕಿಯ ಜೊತೆಗೆ. "ನಾನೆಲ್ಲಿ ಮಾಡ್ತೀನಿ, ಕೈ ಮಾಡುತ್ತೆ" ಎಂದು ಜಂಬದಿಂದಲೇ ಹೇಳಿಕೊಳ್ಳುತ್ತಿದ್ದಳು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲವನ್ನೂ ಬಿಟ್ಟುಬಿಟ್ಟಳು.

ಅದಾದದ್ದು ಮದುವೆಗೂ ಮುಂಚೆ. ಹಾಲು ತರಲು ಕೊಟ್ಟಿಗೆಗೆ ಹೋದ ಮಗಳು ಒಂದು ಬೆಳಿಗ್ಗೆ ಖಾಲಿ ಕ್ಯಾನು ಹಿಡಿದು ವಾಪಸು ಬಂದಳು. ಅಲ್ಲಿ ಗಂಡು ಕರುವೊಂದನ್ನು ಗಾಡಿಗೆ ಹತ್ತಿಸಿ ಕಳಿಸಿದ್ದರಂತೆ. ಹಸು ಕೂಗುವುದನ್ನು ನಿಲ್ಲಿಸಲೇ ಇಲ್ಲವಂತೆ. "ಅಮ್ಮ, ನಿನ್ನ ವ್ಯಾಪಾರಕ್ಕೆ ನಾನು ಅಡ್ಡ ಬರಲ್ಲ. ಆದ್ರೆ ನನ್ನ ಬಾಯಿಗೆ ಇನ್ನು ಅದು ಬೇಡ" ಅಂದಳು. ನಾಲ್ಕು ದಿನದ ಹುಚ್ಚು, ಇಳಿಯುತ್ತದೆ ಎಂದುಕೊಂಡಳು ಮೊಸರಮ್ಮ. ಇಳಿಯಲಿಲ್ಲ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜನರ ಕಣ್ಣಿಗೆ ಗಾಜು ಹೊಂದಿಸುವವಳು ಒಮ್ಮೆ ಕಂಡದ್ದನ್ನು ಕಾಣಲಿಲ್ಲ ಅನ್ನುವ ಪೈಕಿಯಲ್ಲ. ಮೊಸರಮ್ಮನಿಗೆ ಮಾತ್ರ ತನ್ನ ಕೈಯನ್ನೇ ತಳ್ಳಿದ ಹಾಗಾಯಿತು. ಕುಡಿಕೆ ಕೆರೆದು ತಿಂದು ಮೂಗಿಗೆಲ್ಲ ಮೊಸರು ಮೆತ್ತಿಕೊಳ್ಳುತ್ತಿದ್ದ ಕೂಸು ಅದು.

ಹಾಗಂತ ಸಿಟ್ಟು ಮಾಡಿಕೊಂಡು ಕೂತರೂ, ಒಂದು ನಂಬಿಕೆ ಅವಳಿಗಿತ್ತು. ಮದುವೆಯಾದ ಮನೆಯಲ್ಲಿ ಇವಳ ಆಟ ನಡೆಯುವುದಿಲ್ಲ. ಅಲ್ಲಿ ಅತ್ತೆ ಅನ್ನುವವಳು ಇರುತ್ತಾಳೆ, ಮೂಗು ಹಿಡಿದು ಬಾಯಿ ತೆರೆಸುತ್ತಾಳೆ, ಆಗ ನನ್ನ ಬೆಲೆ ಗೊತ್ತಾಗುತ್ತದೆ.

ಅತ್ತೆ ಅನ್ನುವವಳು ಇದ್ದಳು. ಎರಡು ಬೀದಿಯಾಚೆ ಬೇಳೆಕಾಳಿನ ಅಂಗಡಿ ಇಟ್ಟುಕೊಂಡಿದ್ದಳು. ಜನ ಅವಳನ್ನು ಕಾಳಿನಮ್ಮ ಎನ್ನುತ್ತಿದ್ದರು. ಸೊಸೆ ಬಂದ ಮೊದಲ ದಿನವೇ ಹಿಂಜರಿಯುತ್ತ ವಿಷಯ ಹೇಳಿದರೆ ಕಾಳಿನಮ್ಮ ನಕ್ಕುಬಿಟ್ಟಳಂತೆ. "ಹಾಲು ಬೇಡ್ವಾ? ಬೇಡ ಬಿಡು. ನಮ್ಮಂಗಡೀಲಿ ತಿನ್ನೋದಕ್ಕೇನು ಬರ ಬಂದಿದ್ಯಾ?"

ಅವತ್ತಿನಿಂದ ಶುರುವಾಯಿತು. ಮಗಳು ತಾಯಿಯನ್ನು ನೋಡಲು ಬಂದಾಗಲೆಲ್ಲ ಅತ್ತೆಯ ಪುರಾಣ. "ಅಮ್ಮ, ಅತ್ತೆ ಹೆಸರುಕಾಳು ಮೊಳಕೆ ಬರಿಸಿ ಈರುಳ್ಳಿ ಹಾಕಿ ಕೊಟ್ರು, ಎಷ್ಟು ಚೆನ್ನಾಗಿತ್ತು ಗೊತ್ತಾ." "ಅಮ್ಮ, ಅತ್ತೆ ಎಳ್ಳು ಹುರಿದು ಪುಡಿ ಮಾಡಿಟ್ಟಿದ್ದಾರೆ, ಮೂಳೆಗೆ ಒಳ್ಳೇದಂತೆ." "ಅಮ್ಮ, ಅತ್ತೆ ಸೋಯಾ ಕಾಳಿನಿಂದ ಹಾಲು ತೆಗೀತಾರೆ." ಆ ಕೊನೆಯ ಮಾತಿಗೆ ಮೊಸರಮ್ಮನ ಕೈಯಲ್ಲಿದ್ದ ಸೌಟು ನಿಂತುಹೋಯಿತು. ಕಾಳಿನಿಂದ ಹಾಲು! ಹೋರಿಯಿಂದಲೂ ಹಾಲು ತೆಗೀತಾಳೇನೋ ಕೇಳು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ತೆಗೀಲಿ ಬಿಡು, ಕೈಯಲ್ಲಿ ಶಕ್ತಿ ಇದೆ" ಅಂದಳು. ಮಗಳು ಹೋದ ಮೇಲೆ ಪಾತ್ರೆಗಳನ್ನು ಎಷ್ಟು ಜೋರಾಗಿ ತೊಳೆದಳೆಂದರೆ ಪಕ್ಕದ ಅಂಗಡಿಯ ದರ್ಜಿ ಎದ್ದು ಬಂದು ಏನು ಬಿತ್ತು ಎಂದು ಕೇಳಿದ.

ಅಳಿಯನನ್ನು ತನ್ನ ಕಡೆಗೆಳೆಯಲು ಒಮ್ಮೆ ನೋಡಿದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಏನು ಬಡಿಸಿದರೂ ತಿಂದು ಕೈ ತೊಳೆದುಕೊಳ್ಳುವ ಪ್ರಾಣಿ. "ನಿಮಗಾದ್ರೂ ಮೊಸರಿಲ್ಲದೆ ಊಟ ಇಳಿಯುತ್ತಾ?" ಎಂದು ಕೇಳಿದರೆ, "ಇಳಿಯುತ್ತೆ ಅತ್ತೆ" ಅಂದ. ಅಷ್ಟೇ.

ಮಗಳು ಬಸುರಿಯಾದಳು. ಸುದ್ದಿ ಕೇಳಿ ಮೊಸರಮ್ಮ ಕುಣಿದಾಡಿದಳು, ಬೀದಿಯವರಿಗೆಲ್ಲ ಅವತ್ತು ಮೊಸರು ಪುಕ್ಕಟೆ. ಮೂರನೇ ತಿಂಗಳಲ್ಲಿ ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡಿ, ರಕ್ತ ಕಡಿಮೆಯಿದೆ, ಕಬ್ಬಿಣದ ಅಂಶ ಸಾಲದು ಅಂದರು. ಇಲ್ಲೊಂದು ಮಾತು ಹೇಳಲೇಬೇಕು. ಮಗಳಿಗೆ ರಕ್ತ ಕಡಿಮೆ ಎಂದು ಕೇಳಿದ ಕ್ಷಣ ಅವಳ ಎದೆ ಧಸಕ್ಕೆಂದದ್ದು ನಿಜ. ಅದರ ಬೆನ್ನಿಗೇ ಒಂದು ಸಂತೋಷವೂ ಇಣುಕಿದ್ದು ನಿಜ. ಕಾಳಿನಮ್ಮನ ಕಾಳಿನ ಬಂಡವಾಳ ಬಯಲಾಯಿತಲ್ಲ! ಮಗಳ ಪಕ್ಕದಲ್ಲೇ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೋಡಿದವರು ಅಳುತ್ತಿದ್ದಾಳೆ ಅಂದುಕೊಂಡರು.

"ನಾನು ಮೊದಲೇ ಹೇಳಿದ್ದೆ" ಎಂದು ಅವಳು ಶುರು ಮಾಡುವುದರೊಳಗೆ ಡಾಕ್ಟರಮ್ಮ ಹೇಳಿದರು: "ಹಾಲಿನಲ್ಲಿ ಕಬ್ಬಿಣ ಹೆಚ್ಚೇನಿಲ್ಲಮ್ಮ. ಸೊಪ್ಪು, ಕಾಳು ಚೆನ್ನಾಗಿ ತಿನ್ನಲಿ, ಮಾತ್ರೆ ಬರೆದುಕೊಡ್ತೀನಿ. ಇನ್ನೊಂದು ಮಾತ್ರೆ ಬಿ ಹನ್ನೆರಡು ವಿಟಮಿನ್ನಿನದು. ಅದು ಸೊಪ್ಪು ಕಾಳಿನಲ್ಲಿ ಸಿಗಲ್ಲ, ಅದನ್ನ ಮಾತ್ರ ತಪ್ಪಿಸಬೇಡಿ." ಬಾಗಿಲ ಬಳಿ ನಿಂತಿದ್ದ ಬೀಗಿತ್ತಿ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡು ಹೋದಳು.

ಕಾಳಿನಮ್ಮ ಮಾತ್ರೆಗಳನ್ನು ಎದುರಿಗೆ ನಿಂತು ನುಂಗಿಸಿದಳು. ಸೊಪ್ಪು ಬೇಯಿಸಿ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದಳು, ಹುಳಿಯಿದ್ದರೆ ಕಬ್ಬಿಣ ಮೈಗೆ ಹತ್ತುತ್ತದೆಂದು. ಊಟದ ಬೆನ್ನಿಗೇ ಚಹಾ ಕುಡಿಯುವ ಸೊಸೆಯ ಚಾಳಿಯನ್ನು ಬಿಡಿಸಿದಳು. ಕನ್ನಡಕದ ಅಂಗಡಿಗೆ ಹೋಗುವಾಗ ಕುಂಬಳದ ಬೀಜ, ಖರ್ಜೂರ, ಹುರಿದ ಕಡಲೆ ಕಟ್ಟಿಕೊಟ್ಟಳು. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು. ಮಗಳ ಕೆನ್ನೆಗೆ ಬಣ್ಣ ಬಂದಿತ್ತು. ಮಗಳ ರಕ್ತ ಏರಿದರೆ ಹೆತ್ತ ತಾಯಿಯ ಹೊಟ್ಟೆ ಉರಿಯುವುದುಂಟೇ ಎಂದರೆ, ಉಂಟು. ಉರಿಯಿತು. ಆ ಕೆನ್ನೆಯ ಬಣ್ಣ ತಾನು ತಂದದ್ದಲ್ಲ, ಬೀಗಿತ್ತಿ ತಂದದ್ದು. ಒಬ್ಬಳೇ ಕೂತು ಹಲ್ಲು ಕಡಿದಳು, ಛೀ, ನಾನೆಂಥವಳು ಎಂದು ತನ್ನನ್ನೇ ಬೈದುಕೊಂಡಳು, ಮತ್ತೆ ಹಲ್ಲು ಕಡಿದಳು.

ಬಾಣಂತನದ ಮಾತು ಬಂದದ್ದು ಆಮೇಲೆ. ಹೆರಿಗೆಯಾದ ಮೇಲೆ ಮಗು ಎತ್ತಿಕೊಂಡು ಮಗಳು ತನ್ನ ಹತ್ತಿರವೇ ಬರುತ್ತಾಳೆಂದು ಮೊಸರಮ್ಮ ಕನಸು ಕಟ್ಟಿದ್ದಳು. ಮಲಗುವ ಕೋಣೆಗೆ ಸುಣ್ಣ ಹೊಡೆಸಿದ್ದಳು. ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಳು. ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿ, ಒಳಗೆ ಮಗುವಿಲ್ಲದಿದ್ದರೂ ಹೋಗುತ್ತ ಬರುತ್ತ ಒಮ್ಮೊಮ್ಮೆ ತೂಗುತ್ತಿದ್ದಳು. ಒಂದು ಭಾನುವಾರ ಮಗಳು ಬಂದು ಆ ತೊಟ್ಟಿಲನ್ನು ನೋಡಿ ಅದರ ಪಕ್ಕ ಕೂತಳು.

"ಅಮ್ಮ, ನಾನು ಅತ್ತೆ ಮನೇಲೇ ಇರ್ತೀನಿ ಅಂತ ಯೋಚನೆ ಮಾಡ್ತಿದ್ದೀನಿ."

"ಯಾಕೇ? ಇಲ್ಲಿ ಏನು ಕಡಿಮೆ?"

"ಕಡಿಮೆ ಏನೂ ಇಲ್ಲ. ಊಟದ್ದೇ ಯೋಚನೆ. ಇಲ್ಲಿ ಬಂದಾಗೆಲ್ಲ ನೀನು ನನಗೇನು ಮಾಡೋದು ಅಂತ ಒದ್ದಾಡ್ತೀಯ. ಒಂದ್ಸಲ ಬೇಳೆಗೆ ತುಪ್ಪ ಹಾಕಿಬಿಟ್ಟಿದ್ದೆ, ನೆನಪಿದ್ಯಾ? ಅತ್ತೆಗೆ ಅಭ್ಯಾಸ ಆಗಿದೆ. ಮಗೂಗೆ ಹಾಲು ಕೊಡೋವಾಗ ನಾನೂ ಸರಿಯಾಗಿ ತಿನ್ನಬೇಕಲ್ಲ."

ಮಗಳು ಮೆತ್ತಗೇ ಹೇಳಿದ್ದು. ಆದರೆ ಬೆಣ್ಣೆ ಹಚ್ಚಿ ಹೇಳಿದರೂ ಚಾಕು ಚಾಕುವೇ. "ನಿನ್ನಿಷ್ಟ" ಎಂದು ಮೊಸರಮ್ಮ ಎದ್ದು ಹೋಗಿ ಇಲ್ಲದ ಗಿರಾಕಿಯನ್ನು ಮಾತಾಡಿಸುವವಳ ಹಾಗೆ ಬಾಗಿಲಲ್ಲಿ ನಿಂತಳು.

ಆಗಲೇ ಅವಳು ಹಟ ತೊಟ್ಟದ್ದು. ಕಾಳಿನಿಂದ ಹಾಲು ತೆಗೆಯಲು ಕಾಳಿನಂಗಡಿಯೇ ಬೇಕಾ? ಹಾಲು ತೆಗೆಯಬಹುದು, ಮೊಸರು ಮಾಡುತ್ತಾಳಾ ಆಯಮ್ಮ? ಮಗಳೇ ಒಮ್ಮೆ ಹೇಳಿದ್ದಳು: ಅತ್ತೆ ಕಡಲೆಬೀಜದ ಹಾಲಿಗೆ ಹೆಪ್ಪಿನ ಬದಲು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡೋಕೆ ನೋಡಿದ್ರು, ನೀರುನೀರಾಗಿತ್ತು. ಆ ದಿನ ಕೇಳಿ ಒಳಗೊಳಗೇ ನಕ್ಕಿದ್ದಷ್ಟೇ. ಈಗ ಆ ಮಾತು ಉಪಯೋಗಕ್ಕೆ ಬಂತು. ಮೊಸರು ಅಂದರೆ ನಾನು. ಆಯಮ್ಮ ಎಷ್ಟೇ ಕಾಳು ನೆನೆಸಲಿ, ಈ ಕೈ ಅವಳಿಗೆಲ್ಲಿಂದ ಬರಬೇಕು?

ಕಡಲೆಬೀಜವನ್ನು ಬೇಕೆಂದೇ ಬೇರೆ ಅಂಗಡಿಯಿಂದ ತರಿಸಿದಳು. ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿದಳು. ಹಾಲೇನೋ ಬಂತು. ಒಲೆಯ ಮೇಲಿಟ್ಟರೆ ತಳ ಹಿಡಿಯಿತು, ಹಸಿ ವಾಸನೆ ಹೊಡೆಯಿತು, ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಚೆಲ್ಲಿದಳು. ಮರುದಿನ ಬೀಜವನ್ನು ಒಂದಿಷ್ಟು ಬಿಸಿನೀರಿನಲ್ಲಿ ಅದ್ದಿ ತೆಗೆದು ರುಬ್ಬಿದಳು, ಕೈ ಬಿಡದೆ ತಿರುವಿದಳು. ಅಂತೂ ಒಂದು ಸಂಜೆ, ಕೆನೆಬಣ್ಣದ ದಪ್ಪ ಹಾಲು ತಣ್ಣಗಾಗುತ್ತ ಕಿರುಬೆರಳಿಗೆ ಹಿತವಾದ ಹದಕ್ಕೆ ಬಂತು. ಅಷ್ಟರಲ್ಲಿ ದರ್ಜಿ ಬಂದು ಬಾಗಿಲಲ್ಲಿ ನಿಂತು, ಯಾರದೋ ಕೋಟಿನ ತೋಳು ಎಡವಟ್ಟಾದ ಕತೆ ಹೇಳತೊಡಗಿದ. ಮೊಸರಮ್ಮ ನಗುತ್ತ ಕೇಳಿದಳು. ಕೈ ತನ್ನ ಕೆಲಸ ಮಾಡಿ ಮುಗಿಸಿತು. ಕುಡಿಕೆಗೆ ಕಂಬಳಿ ಬಿತ್ತು.

ಬೆಳಿಗ್ಗೆ ನೋಡಿದರೆ ಅಲುಗಾಡದ ಮೊಸರು. ಮೊಸರಮ್ಮನ ಸಂಭ್ರಮ ಹೇಳತೀರದು. ಕುಡಿಕೆಯನ್ನು ಸೆರಗಿನಡಿ ಇಟ್ಟುಕೊಂಡು ಕನ್ನಡಕದ ಅಂಗಡಿಗೇ ಹೋದಳು.

"ಏನಮ್ಮ ಇದು?"

"ಕಡಲೆಬೀಜದ್ದು. ತಿಂದು ನೋಡು."

ಮಗಳು ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು ಚಮಚ. ಕಣ್ಣಲ್ಲಿ ನೀರು. "ಅಮ್ಮ, ಇದು ನಿನ್ನ ಮೊಸರಿನ ರುಚಿನೇ. ಹುಳಿ ಕೂಡ ಅದೇ. ಎಷ್ಟು ವರ್ಷ ಆಯ್ತು ಇದನ್ನ ತಿಂದು!" ಅಲ್ಲೇ ನಿಂತು ಕುಡಿಕೆ ಕೆರೆದು ತಿಂದಳು, ಮೂಗಿನ ತುದಿಗೆ ಮೆತ್ತಿಕೊಂಡಿತು. ಆಮೇಲೆ ಬೆರಳು ನೆಕ್ಕುತ್ತ ಅಂದಳು: "ನನಗೋಸ್ಕರ ನೀನು ಇದನ್ನ ಕಲಿತ್ಯಲ್ಲ. ಬಾಣಂತನಕ್ಕೆ ನಿನ್ನ ಹತ್ರಾನೇ ಬರ್ತೀನಮ್ಮ. ಅತ್ತೆಗೆ ನಾನೇ ಹೇಳ್ತೀನಿ."

ಮೊಸರಮ್ಮ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ದಾರಿಯಲ್ಲಿ ಬೇಳೆಕಾಳಿನ ಅಂಗಡಿಯ ಮುಂದೆ ಹಾಯುವ ಅಗತ್ಯವೇನೂ ಇರಲಿಲ್ಲ. ಆದರೂ ಹಾದಳು, ಖಾಲಿ ಕುಡಿಕೆಯನ್ನು ಸೆರಗಿನಿಂದ ಹೊರತೆಗೆದು ಕೈಯಲ್ಲಿ ಹಿಡಿದುಕೊಂಡು.

ಬೀಗಿತ್ತಿ ಮರುದಿನವೇ ಬಂದಳು. ಜಗಳಕ್ಕೆ ಬಂದಳೆಂದು ಮೊಸರಮ್ಮ ಸೆರಗು ಸಿಕ್ಕಿಸಿಕೊಂಡು ಸಿದ್ಧಳಾದಳು. ಕಾಳಿನಮ್ಮನ ಮುಖ ಸಪ್ಪಗಿತ್ತು, ಆದರೆ ಕೈಯಲ್ಲೊಂದು ತೊಳೆದ ಸ್ಟೀಲ್ ಡಬ್ಬಿಯಿತ್ತು.

"ಬೀಗರೇ, ನಿಮ್ಮ ಕಡಲೆಬೀಜದ ಮೊಸರಿನದೇ ಮಾತು ನಮ್ಮನೇಲಿ. ನಿಮ್ಮ ಹತ್ರಾನೇ ಇರ್ತಾಳಂತೆ, ಇರಲಿ. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ." ಡಬ್ಬಿಯನ್ನು ಮುಂದಿಟ್ಟಳು. "ನಾನು ಮೆಣಸಿನಕಾಯಿ ತೊಟ್ಟು ಹಾಕಿ ಮಾಡೋದು ಯಾವಾಗ್ಲೂ ನೀರಾಗುತ್ತೆ. ನಿಮ್ಮ ಹೆಪ್ಪು ಒಂದು ಚಮಚ ಕೊಡಿ. ಅವಳು ಇಲ್ಲಿಗೆ ಬರೋವರೆಗಾದ್ರೂ ನಾನೂ ಮಾಡಿ ಹಾಕ್ತೀನಿ."

ಗೆದ್ದವಳಿಗೆ ದೊಡ್ಡತನ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? "ಅದಕ್ಕೇನಂತೆ" ಎಂದು ಮೊಸರಮ್ಮ ಠೀವಿಯಿಂದ ಅಡುಗೆಮನೆಗೆ ತಿರುಗಿದಳು. ಎಡಗೈ ಮೇಲಿನ ಹಲಗೆಗೆ ಹೋಯಿತು, ಚಿಕ್ಕ ಕುಡಿಕೆಯನ್ನು ಹಿಡಿಯಿತು. ಹಿಡಿದ ಕೈ ಅಲ್ಲೇ ನಿಂತಿತು.

ಈ ಮನೆಯಲ್ಲಿ ಇದ್ದದ್ದು ಒಂದೇ ಹೆಪ್ಪು. ಅತ್ತೆ ಕೊಟ್ಟದ್ದು. ಹಸುವಿನ ಹಾಲಿನದು.

ಮೆಣಸಿನಕಾಯಿ ತೊಟ್ಟನ್ನು ಅವಳು ಮುಟ್ಟಿರಲೇ ಇಲ್ಲ. ದರ್ಜಿಯ ಕತೆ ಕೇಳುತ್ತ ನಗುತ್ತಿದ್ದಾಗ ಈ ಕೈ ಎಲ್ಲಿಗೆ ಹೋಗಿತ್ತೋ ಈಗಲೂ ಅಲ್ಲಿಗೇ ಬಂದಿತ್ತು. ಅದಕ್ಕೇ ಆ ರುಚಿ. ಅದಕ್ಕೇ ಆ ಹುಳಿ.

"ಹೆಪ್ಪು... ಇವತ್ತು ಮುಗಿದುಹೋಗಿದೆ ಬೀಗರೇ."

ಬೀಗಿತ್ತಿ ಅವಳ ಕೈಯಲ್ಲಿದ್ದ ತುಂಬಿದ ಕುಡಿಕೆಯನ್ನು ನೋಡಿದಳು. ಅಡುಗೆಮನೆಯ ಹಲಗೆಗಳನ್ನು ನೋಡಿದಳು. ಹೆಪ್ಪಿನ ಬೇರೆ ಯಾವ ಕುಡಿಕೆಯೂ ಅಲ್ಲಿರಲಿಲ್ಲ. ವ್ಯಾಪಾರ ಮಾಡುವ ಹೆಂಗಸು, ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏನೋ ಕೇಳಲು ಬಾಯಿ ತೆರೆದವಳು ಮೊಸರಮ್ಮನ ಮುಖ ನೋಡಿ ತಡೆದಳು.

"ಇನ್ನೊಂದು ದಿನ ಬರ್ತೀನಿ ಬಿಡಿ" ಎಂದು ಖಾಲಿ ಡಬ್ಬಿ ಎತ್ತಿಕೊಂಡು ಹೋದಳು.

ಮೊಸರಮ್ಮ ಎರಡು ದಿನ ಕಾದಳು. ಇವತ್ತು ಮಗಳು ಕೂಗಾಡುತ್ತ ಬರುತ್ತಾಳೆ, ನಾಳೆ ಬರುತ್ತಾಳೆ. ಬರಲಿಲ್ಲ. ಬೀಗಿತ್ತಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹೇಳಿದ್ದರೆ ಒಂದೇ ಮಾತಿಗೆ ಸೊಸೆ ಅವಳವಳಾಗುತ್ತಿದ್ದಳು. ಹೇಳಲಿಲ್ಲ. ಮೊಸರಮ್ಮನಿಗೆ ಅದಕ್ಕೂ ಹೊಟ್ಟೆ ಉರಿಯಿತು. ನನ್ನ ಕೈಗೆ ಅಂಥ ಗುಟ್ಟು ಸಿಕ್ಕಿದ್ದರೆ ನಾನು ಸುಮ್ಮನಿರುತ್ತಿದ್ದೆನಾ? ಬೀದಿಗೆಲ್ಲ ಡಂಗುರ ಸಾರುತ್ತಿದ್ದೆ. ಒಳ್ಳೆಯತನದಲ್ಲೂ ಆಯಮ್ಮನೇ ಮೇಲಾಗಬೇಕಾ?

ಆ ಎರಡು ದಿನ ಮೆಣಸಿನಕಾಯಿ ತೊಟ್ಟು ಹಾಕಿ ತಾನೂ ಮಾಡಿ ನೋಡಿದಳು. ಒಮ್ಮೆ ಲೋಳೆಯಾಯಿತು, ಒಮ್ಮೆ ಕಹಿಯಾಯಿತು. ಮೂರನೇ ದಿನ ಮಗಳು, ನಾಳೆ ಕೆಲಸ ಮುಗಿಸಿ ನೇರ ಬರುತ್ತೇನೆಂದು ಹೇಳಿ ಕಳಿಸಿದಳು, ಮೊಸರು ಬೇಕಂತೆ. ತೊಟ್ಟಿಲು ಕಣ್ಣೆದುರಿಗಿತ್ತು. ಸುಣ್ಣ ಹೊಡೆದ ಗೋಡೆ ಕಣ್ಣೆದುರಿಗಿತ್ತು. ಮೊಸರಮ್ಮ ಕಡಲೆಬೀಜದ ಹಾಲನ್ನು ಹದಕ್ಕೆ ತಂದಳು. ಈ ಸಲ ಯಾವ ದರ್ಜಿಯೂ ಬಾಗಿಲಲ್ಲಿರಲಿಲ್ಲ. ಕಣ್ಣು ತೆರೆದುಕೊಂಡೇ, ಗೊತ್ತಿದ್ದೂ ಗೊತ್ತಿದ್ದೂ, ಚಿಕ್ಕ ಕುಡಿಕೆಯಿಂದ ಒಂದು ಚಮಚ ತೆಗೆದು ಹಾಕಿದಳು. ಮೊದಲಿನದು ಕೈ ಮಾಡಿದ ತಪ್ಪು, ಇದು ಅವಳೇ ಮಾಡಿದ್ದು.

ಮರುದಿನ ಸಂಜೆ ಮಗಳು ಬಂದು ಕಾಲು ಚಾಚಿ ಕೂತಳು. ಅವಳ ಹೊಟ್ಟೆ ಈಗ ಚೆನ್ನಾಗಿ ಕಾಣುತ್ತಿತ್ತು. ಬಟ್ಟಲು ಹಿಡಿದು, ಚಮಚ ಅದ್ದಿ, ತಲೆ ಬಗ್ಗಿಸಿ ಹೊಟ್ಟೆಯೊಳಗಿನ ಕೂಸಿನ ಜೊತೆ ಮಾತಿಗೆ ಶುರು ಮಾಡಿದಳು. "ನೋಡು ಪುಟ್ಟಾ, ಇದು ನಿಮ್ಮಜ್ಜಿ ಮಾಡಿದ್ದು. ನಾವು ಬೇಡ ಅಂದಿದ್ದನ್ನ ಯಾವತ್ತೂ ನಮ್ಮ ಬಾಯಿಗೆ ಹಾಕಲ್ಲ ನಿಮ್ಮಜ್ಜಿ. ನಮಗೋಸ್ಕರ..."

ಮೊಸರಮ್ಮ ಎದ್ದು ಬಂದು ಬಟ್ಟಲನ್ನು ಕಿತ್ತುಕೊಂಡಳು. ಚಮಚ ನೆಲಕ್ಕೆ ಬಿತ್ತು.

"ತಿನ್ಬೇಡ. ಹಸುವಿನ ಮೊಸರಿನ ಹೆಪ್ಪು ಹಾಕಿದ್ದೀನಿ."

"ಏನು?"

"ಮೊನ್ನೆದಕ್ಕೂ ಅದೇ. ಮೊನ್ನೆ ಗೊತ್ತಿರಲಿಲ್ಲ, ಕೈ ಹಾಕಿಬಿಟ್ಟಿತ್ತು. ಈ ಸಲ ಗೊತ್ತಿತ್ತು ಮಗಳೇ. ಗೊತ್ತಿದ್ದೇ ಹಾಕಿದೆ." ಬಟ್ಟಲನ್ನು ಬೆನ್ನ ಹಿಂದೆ ಹಿಡಿದುಕೊಂಡಳು. "ನೀನು ಆಯಮ್ಮನ ಹತ್ರ ಹೋಗ್ಬಿಡ್ತೀಯ ಅಂತ."

ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿದ್ದ ಚಮಚವನ್ನು ಎತ್ತಿಟ್ಟಳು. "ಅತ್ತೆಗೆ ಗೊತ್ತಾ?" ಎಂದು ಕೇಳಿದಳು.

"ಗೊತ್ತು. ಹೇಳಿಲ್ಲ ಅವರು."

ಮಗಳು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ತಿರುಗದೆ ಹೇಳಿದಳು: "ನಾನು ಅಲ್ಲೇ ಇರ್ತೀನಮ್ಮ."

ಮೊಸರಮ್ಮ ಆ ರಾತ್ರಿ ತೊಟ್ಟಿಲನ್ನು ಬಟ್ಟೆಯಿಂದ ಮುಚ್ಚಿದಳು. ಅಟ್ಟಕ್ಕೇರಿಸಲು ಮಾತ್ರ ಮನಸ್ಸು ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಬೀಗಿತ್ತಿ ಮತ್ತೆ ಬಂದಳು, ಅದೇ ಸ್ಟೀಲ್ ಡಬ್ಬಿ ಹಿಡಿದುಕೊಂಡು. ಈ ಸಲ ಡಬ್ಬಿ ಖಾಲಿಯಿರಲಿಲ್ಲ. ಒಳಗೆ ತೆಳ್ಳನೆಯ, ಮಜ್ಜಿಗೆಗೂ ಕಡೆಯಾದ ಬಿಳಿ ನೀರು. "ಇದು ನನ್ನ ಮೆಣಸಿನ ತೊಟ್ಟಿಂದು. ಹುಳಿ ಚೆನ್ನಾಗಿ ಬಂದಿದೆ, ಗಟ್ಟಿ ಮಾಡೋದು ನನ್ನ ಕೈಗೆ ಹತ್ತಿಲ್ಲ. ನಿಮ್ಮ ಕೈಗೆ ಹತ್ತಬಹುದು, ನೋಡಿ" ಅಂದಳು. ಮೊಸರಮ್ಮನಿಗೆ ಡಬ್ಬಿಯನ್ನು ಅವಳ ಮುಂದೆಯೇ ಚರಂಡಿಗೆ ಸುರಿಯಬೇಕೆನಿಸಿತು. ಅವಳ ಕೈ ಹಿಡಿದು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ, "ಕೂತ್ಕೊಳ್ಳಿ, ಚಹಾ ಮಾಡ್ತೀನಿ. ಹಾಲಿಲ್ಲದ್ದು" ಅಂದಳು.

"ಹಾಲು ಹಾಕೇ ಮಾಡಿ ಬೀಗರೇ. ನಾನೇನು ಬಿಟ್ಟಿಲ್ಲ" ಎಂದು ಕಾಳಿನಮ್ಮ ನಕ್ಕಳು. ಇಷ್ಟು ದಿನ ಇದು ಮೊಸರಮ್ಮನಿಗೆ ಗೊತ್ತೇ ಇರಲಿಲ್ಲ.

ಆ ನೀರನ್ನು ಕಡಲೆಬೀಜದ ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವುದು ಸುಲಭವಿರಲಿಲ್ಲ. ಹೊಸ ಕುಡಿಕೆ, ಹೊಸ ಸೌಟು, ಹೊಸ ಬಟ್ಟೆ. ಹಳೆಯ ಹೆಪ್ಪು ಮೇಲಿನ ಹಲಗೆಯಲ್ಲಿದ್ದರೆ ಇದಕ್ಕೆ ಕಿಟಕಿಯ ಪಕ್ಕದ ಗೂಡು. ಚಮಚಕ್ಕೆ ಕೆಂಪು ದಾರ ಸುತ್ತಿದಳು. ಆದರೂ ಮೊದಮೊದಲು ಎಡಗೈ ಮೇಲಕ್ಕೇ ಹೋಗುತ್ತಿತ್ತು. ಬಲಗೈಯಿಂದ ಅದಕ್ಕೊಂದು ಏಟು ಕೊಟ್ಟು ಇಳಿಸುತ್ತಿದ್ದಳು. ಹೆಪ್ಪು ಹಾಕುವ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚುತ್ತಿದ್ದಳು. ಕತೆ ಹೇಳಲು ಬಂದ ದರ್ಜಿಯನ್ನು, "ಈಗ ಬೇಡ, ಕೈ ಕಾಯ್ತಿದ್ದೀನಿ" ಎಂದು ಓಡಿಸಿದಳು. ಇವತ್ತಿನದರಲ್ಲಿ ಚೆನ್ನಾಗಿ ಬಂದದ್ದನ್ನು ನಾಳೆಗೆ, ನಾಳೆಯದರಲ್ಲಿ ಚೆನ್ನಾಗಿ ಬಂದದ್ದನ್ನು ನಾಡಿದ್ದಿಗೆ. ಕೆಟ್ಟದ್ದನ್ನೆಲ್ಲ ಚೆಲ್ಲಿದಳು. ಹೀಗೇ ಹಾಕುತ್ತ ಹಾಕುತ್ತ ಅದು ನಿಧಾನವಾಗಿ ಗಟ್ಟಿಯಾಯಿತು. ರುಚಿ ಅವಳ ಮೊಸರಿನದಲ್ಲ. ಸ್ವಲ್ಪ ಒಗರು, ಕೊನೆಯಲ್ಲಿ ಬೀಜದ ಸಿಹಿ. ಅವಳ ಅತ್ತೆಯ ಹುಳಿ ಅದರಲ್ಲಿ ಬರಲೇ ಇಲ್ಲ. ಬರಬಾರದು ಕೂಡ.

ಅಷ್ಟರಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಹೆಣ್ಣು ಮಗು. ಅವಳು ಅಂದ ಹಾಗೆ ಅತ್ತೆಯ ಮನೆಯಲ್ಲೇ ಬಾಣಂತನ. ಮೊಸರಮ್ಮ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಕುಡಿಕೆ ಹಿಡಿದು ಹೋಗಿ ಬೀಗಿತ್ತಿಯ ಮನೆಯ ಕದ ತಟ್ಟಿದಳು. ಮಗಳು ಮಂಚದ ಮೇಲೆ ಕೂತಿದ್ದಳು, ಮಗು ಮಡಿಲಲ್ಲಿ. ಕುಡಿಕೆಯ ಮುಚ್ಚಳ ತೆಗೆದು ನೋಡಿ, ತಾಯಿಯ ಮುಖ ನೋಡಿ ಕೇಳಿದಳು:

"ಯಾವ ಹೆಪ್ಪಮ್ಮ?"

ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದಳು.

"ನಿಮ್ಮತ್ತೆದು."

ಮಗಳು ತಿಂದಳು. ಮರುದಿನವೂ ಕೇಳಿದಳು, ಮೊಸರಮ್ಮ ಹೇಳಿದಳು. ಅದರ ಮರುದಿನವೂ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಯಲ್ಲಿ ಕಹಿ ಗುಳಿಗೆಯ ಹಾಗೆ ಇಟ್ಟುಕೊಂಡೇ ಬರುತ್ತಿದ್ದಳು. ಅರೆದದ್ದು ನಾನು, ಹಿಂಡಿದ್ದು ನಾನು, ಹದ ನೋಡಿದ್ದು ನಾನು, ಹೆಸರು ಮಾತ್ರ ಆಯಮ್ಮನದು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಕೇಳುವುದು ಮಗಳ ಹಕ್ಕು ಎಂದು ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅವಳು ಹೋಗುವ ಹೊತ್ತಿಗೆ ಮಗಳ ಮುಂದೆ ತಟ್ಟೆಯಿತ್ತು. ಕಾಳಿನಮ್ಮ ಬೆಳಗಾಗೆದ್ದು ಬೇಯಿಸಿದ ಸೊಪ್ಪು, ಕಾಳು, ಮೇಲೆ ಹುರಿದ ಎಳ್ಳು. ಮಗಳು ಕುಡಿಕೆಯನ್ನು ಕಂಡದ್ದೇ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಒಂದರ ಮೇಲೊಂದು ಬಿದ್ದ ಸದ್ದಾಯಿತು. ಆ ಸದ್ದು ಮೊಸರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸಂತೋಷವಾಯಿತು. ಅಯ್ಯೋ ಪಾಪ ಅಂತಲೂ ಅನ್ನಿಸಿತು. ಆದರೆ ಮೊದಲು ಸಂತೋಷವೇ ಆಯಿತು.

ಮಗಳು ಮುಚ್ಚಳ ತೆಗೆದಳು. ಮೊಸರಮ್ಮ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ಕಾದಳು. ಮಗಳು ತಲೆಯೆತ್ತಲಿಲ್ಲ. ಚಮಚ ಅದ್ದಿದಳು, ತಿಂದಳು, ಮತ್ತೆ ಅದ್ದಿದಳು. ಮೂಗಿನ ತುದಿಗೆ ಮೆತ್ತಿಕೊಂಡಿತು. ಮೊಸರಮ್ಮ ಇನ್ನೂ ಕಾಯುತ್ತಲೇ ಇದ್ದಳು.

"ಯಾಕಮ್ಮ ಹಾಗೆ ನಿಂತಿದ್ದೀಯ?" ಅಂದಳು ಮಗಳು. "ಮಗೂನ ಎತ್ತಿಕೋ, ನಾನು ತಿಂದು ಮುಗಿಸ್ತೀನಿ."